ಆಸ್ಪತ್ರೆಯ ಕಸ, ವೈದ್ಯರ ಸಂಘ: ಕೇರಳದ ‘ಇಮೇಜ್’ ಪ್ರಕರಣ

ವೈದ್ಯರ ಸಂಘವೆಂದರೆ ವರ್ಷಕ್ಕೊಂದು ಸಮ್ಮೇಳನ, ತಿಂಗಳಿಗೊಂದು ಉಪನ್ಯಾಸ ಮತ್ತು ಊಟ, ಯಾರಾದರೂ ಡಾಕ್ಟರ ಮೇಲೆ ಕೈ ಮಾಡಿದರೆ ಒಪಿಡಿ ಬಂದ್. ಬಹುತೇಕ ಊರುಗಳಲ್ಲಿ ಇಷ್ಟೇ. ಕೇರಳದಲ್ಲಿ ಅದೇ ಸಂಘ ಎರಡು ದಶಕಗಳಿಂದ ಲಾರಿ ಓಡಿಸುತ್ತಿದೆ, ಆಸ್ಪತ್ರೆ ಕಸ ಸುಡುವ ಕುಲುಮೆ ಉರಿಸುತ್ತಿದೆ, ಬೂದಿ ಹೂಳುತ್ತಿದೆ. ಭಾರತೀಯ ವೈದ್ಯಕೀಯ ಸಂಘದ (ಐಎಂಎ) ಕೇರಳ ರಾಜ್ಯ ಶಾಖೆ 2003ರ ಕೊನೆಯಲ್ಲಿ ಪಾಲಕ್ಕಾಡ್ ಜಿಲ್ಲೆಯ ಮಲಂಪುಳದ ಬಳಿ ಆರಂಭಿಸಿದ ಜೈವಿಕ ವೈದ್ಯಕೀಯ ತ್ಯಾಜ್ಯ ಸಂಸ್ಕರಣಾ ಘಟಕದ ಹೆಸರು ‘ಇಮೇಜ್’. ‘ಐಎಂಎ ಗೋಸ್ ಇಕೋ-ಫ್ರೆಂಡ್ಲಿ’ ಎಂಬುದರ ಹ್ರಸ್ವರೂಪ ಅದು.

ಸದಸ್ಯರ ಚಂದಾದಿಂದ ನಡೆಯುವ ವೃತ್ತಿಸಂಘವೊಂದು ಸಮಾಜದ ಹೊಣೆ, ಪರಿಸರದ ಹೊಣೆ, ಹಣದ ಹೊಣೆ ಮೂರನ್ನೂ ಒಟ್ಟಿಗೆ ಹೊತ್ತರೆ ಏನಾಗುತ್ತದೆ ಎಂದು ನೋಡಲು ಇದಕ್ಕಿಂತ ತೆರೆದ ಪ್ರಕರಣ ನಮ್ಮ ಸುತ್ತಮುತ್ತ ಸಿಗುವುದು ಕಷ್ಟ. ಸಂಘಗಳ ವಾರ್ಷಿಕ ವರದಿಗಳಲ್ಲಿ ಈ ಮೂರು ಹೊಣೆಗಳಿಗೆ ಮೂರು ಪುಟ, ಮೂರು ಫೋಟೊ ಇರುತ್ತವೆ. ಇಲ್ಲಿ ಮೂರೂ ಒಂದೇ ಸಂಖ್ಯೆಯೊಳಗೆ ಕೂತಿವೆ: ಒಂದು ಹಾಸಿಗೆಗೆ ದಿನಕ್ಕೆ ಇಷ್ಟು ರೂಪಾಯಿ ಎಂಬ ದರ.

ಸಂಘವೇ ಏಕೆ ಇಳಿಯಿತು

1998ರ ಜುಲೈನಲ್ಲಿ ಕೇಂದ್ರ ಸರ್ಕಾರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳನ್ನು ಮೊದಲ ಬಾರಿಗೆ ತಂದಾಗ ಆಸ್ಪತ್ರೆಗಳ ಮುಂದೆ ಎರಡು ದಾರಿ ಇದ್ದವು. ಸ್ವಂತ ಕುಲುಮೆ ಕಟ್ಟಿಕೊಳ್ಳಬೇಕು, ಇಲ್ಲವೇ ಹಲವರಿಗೆ ಸೇರಿದ ಒಂದು ಸಾಮಾನ್ಯ ಘಟಕಕ್ಕೆ ಕಸ ಕೊಡಬೇಕು. ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿಗೆ ಸ್ವಂತ ಕುಲುಮೆ ಆಗದ ಮಾತು. ಖರ್ಚು ಹಾಗಿರಲಿ, ದಿನಕ್ಕೆ ನಾಲ್ಕೈದು ಕೆ.ಜಿ. ಹಸಿ ಕಸ ಹಾಕುವ ಸಣ್ಣ ಕುಲುಮೆ ಬೇಕಾದ ಬಿಸಿ ಏರುವುದೇ ಇಲ್ಲ. ಕಪ್ಪು ಹೊಗೆ ಕಾರಿ, ಅರೆಬೆಂದ ಹತ್ತಿಯನ್ನು ಬೂದಿಯೊಳಗೆ ಬಿಟ್ಟು ಆರಿಹೋಗುತ್ತದೆ. ಗುಂಡಿ ತೋಡಿ ಹೂಳೋಣವೆಂದರೆ ಮನೆಗೊಂದು ಬಾವಿ ಇರುವ, ನೀರು ಕೈಗೆಟುಕುವ ಆಳದಲ್ಲೇ ಸಿಗುವ ನೆಲ ಕೇರಳದ್ದು.

ಸಾಮಾನ್ಯ ಘಟಕಕ್ಕೆ ಬಂಡವಾಳ ಹಾಕುವವನು ಮೊದಲು ಕೇಳುವುದು ಕಸ ಕೊಡುವವರು ಎಷ್ಟು ಜನ, ತಪ್ಪದೆ ದುಡ್ಡು ಕೊಡುತ್ತಾರೆಯೇ ಎಂದು. ಸಂಘದ ಕೈಯಲ್ಲಿ ಇದಕ್ಕೆ ಉತ್ತರವಿತ್ತು. ಜಿಲ್ಲೆ ತಾಲ್ಲೂಕುಗಳಲ್ಲಿ ಶಾಖೆಗಳಿದ್ದವು, ಯಾವ ಊರಿನಲ್ಲಿ ಯಾರ ಆಸ್ಪತ್ರೆ, ಎಷ್ಟು ಹಾಸಿಗೆ ಎಂಬ ಪಟ್ಟಿಯಿತ್ತು, ಬಾಕಿ ಉಳಿಸಿಕೊಂಡ ಡಾಕ್ಟರಿಗೆ ಫೋನ್ ಮಾಡಿ ಕೇಳುವ ಸಲುಗೆಯಿತ್ತು. ಕಂಪನಿಯೊಂದಕ್ಕೆ ಇದನ್ನೆಲ್ಲ ಕಟ್ಟಲು ವರ್ಷಗಳು ಬೇಕು. ಸಂಘಕ್ಕೆ ಹುಟ್ಟಿನಿಂದಲೇ ಇದ್ದ ಆಸ್ತಿ ಅದು.

ಕರ್ನಾಟಕದಲ್ಲಿ ಈ ಕೆಲಸ ಹೆಚ್ಚಾಗಿ ಖಾಸಗಿ ಕಂಪನಿಗಳ ಪಾಲಾಯಿತು. ಶಿವಮೊಗ್ಗದ ಮಾಚೇನಹಳ್ಳಿಯಲ್ಲಿರುವ ಸುಶ್ರುತ ಸೊಸೈಟಿಯಂಥ ಘಟಕ ಇದ್ದರೂ, ಉಳಿದೆಡೆ ವೈದ್ಯರ ಸಂಘದ ಪಾತ್ರ ಬಹುಮಟ್ಟಿಗೆ ದರ ಏರಿದಾಗ ಮನವಿ ಕೊಡುವುದಕ್ಕೆ ಸೀಮಿತ.

ಒಂದು ಡ್ರಿಪ್ ಇಳಿಸಿದಾಗ

ಘಟಕ ಚೆನ್ನಾಗಿ ನಡೆಯುತ್ತದೋ ಇಲ್ಲವೋ ಎನ್ನುವುದು ಮಲಂಪುಳದಲ್ಲಿ ತೀರ್ಮಾನವಾಗುವುದಿಲ್ಲ, ವಾರ್ಡಿನಲ್ಲಿ ಆಗುತ್ತದೆ. ರೋಗಿಯೊಬ್ಬರಿಗೆ ಹಾಕಿದ್ದ ಡ್ರಿಪ್ ಮುಗಿಯಿತು ಎಂದುಕೊಳ್ಳಿ. ಸಿಸ್ಟರ್ ಸ್ಟ್ಯಾಂಡಿನಿಂದ ಇಳಿಸಿದ ಆ ಒಂದು ಸೆಟ್ಟಿನಲ್ಲಿ ಐದು ದಾರಿ ಹಿಡಿಯಬೇಕಾದ ಕಸವಿದೆ. ಸೂಜಿ ಹೋಗಬೇಕಾದದ್ದು ಚುಚ್ಚಿದರೂ ತೂತಾಗದ ಬಿಳಿ ಪಾರದರ್ಶಕ ಡಬ್ಬಿಗೆ. ಬಾಟಲಿ, ನಳಿಕೆ, ಸೂಜಿ ತೆಗೆದ ಸಿರಿಂಜ್, ಕೈಗವಸು ಕೆಂಪು ಚೀಲಕ್ಕೆ. ಸೂಜಿ ತೆಗೆದ ಜಾಗವನ್ನು ಒತ್ತಿ ಹಿಡಿದ ರಕ್ತದ ಹತ್ತಿ ಕುಲುಮೆಗೆ ಹೋಗುವ ಹಳದಿ ಚೀಲಕ್ಕೆ. ಡ್ರಿಪ್ಪಿಗೆ ಸೇರಿಸಿದ ಔಷಧದ ಗಾಜಿನ ವಯಲ್ ನೀಲಿ ಗುರುತಿನ ಡಬ್ಬಿಗೆ. ಸಿರಿಂಜಿನ ಹೊರಕವರು ಯಾವುದಕ್ಕೂ ಅಲ್ಲ, ಅದು ನಗರಸಭೆಯ ಮಾಮೂಲಿ ಒಣಕಸ.

ಈಗ ತಪ್ಪು ಎಲ್ಲಿ ಆಗುತ್ತದೆ ನೋಡಿ. ಟ್ರಾಲಿಯಲ್ಲಿ ಒಂದೇ ಚೀಲ ಕಟ್ಟಿರುತ್ತಾರೆ, ಉಳಿದ ಡಬ್ಬಿಗಳು ಕಾರಿಡಾರಿನ ತುದಿಯಲ್ಲಿ. ಡ್ಯೂಟಿ ಮುಗಿಯುವ ಹೊತ್ತು. ಎಲ್ಲವೂ ಹಳದಿಗೆ ಬೀಳುತ್ತದೆ. ‘ಹಳದಿಗೆ ಹಾಕಿದರೆ ಸುಟ್ಟುಹೋಗುತ್ತದೆ, ಯಾರೂ ಕೇಳುವುದಿಲ್ಲ’ ಎಂಬ ನಂಬಿಕೆ ಬೇರೆ. ಹಳದಿಯೇ ಎಲ್ಲಕ್ಕಿಂತ ಸುರಕ್ಷಿತ ಎಂದು ಸಿಬ್ಬಂದಿ ಮಾತ್ರವಲ್ಲ, ಎಷ್ಟೋ ವೈದ್ಯರೂ ತಿಳಿದಿದ್ದಾರೆ. ಅದು ತಪ್ಪು.

ಡ್ರಿಪ್ಪಿನ ನಳಿಕೆ, ಮೂತ್ರದ ಚೀಲಗಳು ಸಾಮಾನ್ಯವಾಗಿ ಪಿವಿಸಿ ಎಂಬ ಪ್ಲಾಸ್ಟಿಕ್. ಅದರಲ್ಲಿ ಕ್ಲೋರಿನ್ ಇದೆ. ಕುಲುಮೆಗೆ ಬಿದ್ದರೆ ಒಂದು ಪಾಲು ಹೈಡ್ರೋಕ್ಲೋರಿಕ್ ಆಮ್ಲದ ಆವಿಯಾಗಿ ಕೊಳವೆಗಳನ್ನು ತಿನ್ನುತ್ತದೆ, ಇನ್ನೊಂದು ಪಾಲು ಡಯಾಕ್ಸಿನ್ ಎಂಬ ಕಡು ವಿಷವಾಗುವ ದಾರಿ ಹಿಡಿಯುತ್ತದೆ. ಅದಕ್ಕೇ 1998ರವುಗಳ ಬದಲಿಗೆ ಬಂದ 2016ರ ನಿಯಮಗಳು ಕುಲುಮೆಗೆ ಎರಡು ಕೋಣೆ ಕಡ್ಡಾಯ ಮಾಡಿವೆ. ಮೊದಲ ಕೋಣೆ ಕನಿಷ್ಠ 800 ಡಿಗ್ರಿ ಸೆಲ್ಸಿಯಸ್. ಹೊಗೆ ಹಾಯುವ ಎರಡನೆಯ ಕೋಣೆ 1050, ಐವತ್ತು ಹೆಚ್ಚು ಅಥವಾ ಕಡಿಮೆ. ಅನಿಲ ಆ ಕೋಣೆಯಲ್ಲಿ ಕನಿಷ್ಠ 2 ಸೆಕೆಂಡ್ ನಿಲ್ಲಬೇಕು. ಚಿಮಣಿ 30 ಮೀಟರಿಗೆ ಕಡಿಮೆ ಇರಬಾರದು. ಡಯಾಕ್ಸಿನ್ ಮಿತಿ ಒಂದು ಘನ ಮೀಟರ್ ಹೊಗೆಗೆ 0.1 ನ್ಯಾನೋಗ್ರಾಂ. ಇಷ್ಟೆಲ್ಲ ಬಿಸಿಯಲ್ಲಿ ಒಡೆದುಹೋದ ಡಯಾಕ್ಸಿನ್ ಕೂಡ ಹೊಗೆ ತಣಿಯುತ್ತ 450ರಿಂದ 200 ಡಿಗ್ರಿಗೆ ನಿಧಾನವಾಗಿ ಇಳಿದರೆ ಮತ್ತೆ ಕೂಡಿಕೊಳ್ಳುತ್ತದೆ. ಆ ಹಂತವನ್ನು ನೀರು ಚಿಮುಕಿಸಿ ಥಟ್ಟನೆ ದಾಟಿಸಬೇಕು.

ಬಿಸಿ ಕುಸಿಯುವುದಕ್ಕೆ ಮುಖ್ಯ ಕಾರಣ ತೇವ. ಹೆರಿಗೆಯ ಮಾಸು, ತೊಯ್ದ ಹತ್ತಿ, ಅರ್ಧ ಉಳಿದ ಗ್ಲೂಕೋಸ್ ಬಾಟಲಿ ಒಟ್ಟಿಗೆ ಬಿದ್ದರೆ ಮೊದಲ ಕೋಣೆ ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ, ಬರ್ನರಿನ ಡೀಸೆಲ್ ಏರುತ್ತದೆ. ವಾರ್ಡಿನಲ್ಲಿ ಬಾಟಲಿಯನ್ನು ಬರಿದು ಮಾಡದೆ ಎಸೆದ ಖರ್ಚು ಪಾಲಕ್ಕಾಡಿನ ಡೀಸೆಲ್ ಬಿಲ್ಲಿನಲ್ಲಿ ಬಂದು ಕೂರುತ್ತದೆ.

ಕೆಂಪು ಚೀಲದ ದಾರಿ ಬೇರೆ. ಅದು ಆಟೋಕ್ಲೇವಿಗೆ, ಅಂದರೆ ದೊಡ್ಡ ಪ್ರೆಶರ್ ಕುಕ್ಕರಿಗೆ ಹೋಗುತ್ತದೆ. ನಿರ್ವಾತ ಮಾಡದ ಮಾದರಿಯಲ್ಲಿ 121 ಡಿಗ್ರಿ, 15 ಪಿಎಸ್ಐ ಒತ್ತಡ, 60 ನಿಮಿಷ. ಬಿಸಿ 135 ಡಿಗ್ರಿಗೆ, ಒತ್ತಡ 31 ಪಿಎಸ್ಐಗೆ ಏರಿದರೆ 45 ನಿಮಿಷ ಸಾಕು. ಆಮೇಲೆ ಯಂತ್ರದಲ್ಲಿ ಚೂರು ಮಾಡಿ ಪ್ಲಾಸ್ಟಿಕ್ ಮರುಬಳಕೆದಾರರಿಗೆ ಮಾರುತ್ತಾರೆ. ಚೂರು ಮಾಡುವುದು ಬರೀ ಅಚ್ಚುಕಟ್ಟಿಗಲ್ಲ, ಸಿರಿಂಜ್ ತೊಳೆದು ಮತ್ತೆ ಮಾರಾಟಕ್ಕೆ ಬರಬಾರದು ಎಂಬುದಕ್ಕೆ.

ಆಟೋಕ್ಲೇವ್ ಕೈಕೊಡುವುದು ಗಂಟು ಬಿಗಿದ ಚೀಲಗಳನ್ನು ಕಿಕ್ಕಿರಿದು ತುಂಬಿದಾಗ. ಮಧ್ಯದಲ್ಲಿ ಗಾಳಿ ಸಿಕ್ಕಿಕೊಂಡು ಉಗಿ ಒಳಗೆ ನುಗ್ಗುವುದಿಲ್ಲ. ಗಡಿಯಾರ, ಒತ್ತಡದ ಮುಳ್ಳು ಎಲ್ಲ ಸರಿಯಾಗಿಯೇ ತೋರಿಸುತ್ತವೆ, ನಡುವಿನ ಚೀಲ ಮಾತ್ರ ಹಸಿ. ಇದನ್ನು ಹಿಡಿಯುವುದು ಒಂದು ಪುಟ್ಟ ಸೀಸೆ. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ ಶಾಖ ತಡೆಯುವ ಬ್ಯಾಕ್ಟೀರಿಯಾದ ಹತ್ತು ಲಕ್ಷ ಬೀಜಾಣುಗಳಿರುವ ಅದನ್ನು ಕಸದ ನಡುವೆ ಹುದುಗಿಸಿಟ್ಟು ಯಂತ್ರ ಓಡಿಸಬೇಕು, ತೆಗೆದು 55ರಿಂದ 60 ಡಿಗ್ರಿಯಲ್ಲಿ ಒಂದು ದಿನ ಕಾವು ಕೊಡಬೇಕು. ಸಾಮಾನ್ಯವಾಗಿ ಸಿಗುವ ಸೀಸೆಯಲ್ಲಿ ದ್ರವ ನೇರಳೆಯಾಗಿಯೇ ಉಳಿದರೆ ಬೀಜಾಣು ಸತ್ತಿವೆ, ಹಳದಿಗೆ ತಿರುಗಿದರೆ ಬದುಕಿವೆ. ಬದುಕಿದ್ದರೆ ಆ ಕಂತಿನ ಕಸ ಸಂಸ್ಕರಣೆಯಾಗಿಲ್ಲ ಎಂದೇ ಅರ್ಥ. ಸೀಸೆಯನ್ನು ಬಾಗಿಲ ಬಳಿ ಸುಲಭಕ್ಕೆ ಸಿಗುವಂತೆ ಇಟ್ಟರೆ ಅದು ಯಾವಾಗಲೂ ಪಾಸಾಗುತ್ತದೆ. ಪರೀಕ್ಷೆ ಮಾಡಿದ ಹಾಗೂ ಆಯಿತು, ಏನೂ ತಿಳಿಯದ ಹಾಗೂ ಆಯಿತು.

ದರದೊಳಗೆ ಏನಿದೆ

ಭಾರತದ ಹೆಚ್ಚಿನ ಘಟಕಗಳಲ್ಲಿ ಆಸ್ಪತ್ರೆ ಕೊಡುವುದು ಹಾಸಿಗೆ ಲೆಕ್ಕದ ದರ. ಹಾಸಿಗೆ ಇಲ್ಲದ ಕ್ಲಿನಿಕ್, ಲ್ಯಾಬ್, ದಂತ ಚಿಕಿತ್ಸಾಲಯಗಳಿಗೆ ತಿಂಗಳ ನಿಗದಿ ಮೊತ್ತ. ಬರೀ ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ನಲವತ್ತು ಹಾಸಿಗೆ, ಹಾಸಿಗೆಗೆ ದಿನಕ್ಕೆ ₹8 ಎಂದಿಟ್ಟುಕೊಂಡರೆ ತಿಂಗಳಿಗೆ ₹9,600. ಹಾಸಿಗೆಗೆ ದಿನಕ್ಕೆ 250 ಗ್ರಾಂ ಕಸ ಎಂದರೆ ತಿಂಗಳಿಗೆ 300 ಕೆ.ಜಿ. ಅಲ್ಲಿಗೆ ಕೆ.ಜಿ.ಗೆ ₹32 ಬಿತ್ತು. ಇದರಲ್ಲಿ ಲಾರಿ, ಡೀಸೆಲ್, ಕೂಲಿ, ಬೂದಿ ಹೂಳುವ ಜಾಗ, ಹೊಗೆಯ ಪರೀಕ್ಷೆ ಎಲ್ಲ ಹೊರಡಬೇಕು.

ಹಾಸಿಗೆ ದರದ ಗುಣವೆಂದರೆ ಕಸ ಬಚ್ಚಿಡುವುದರಲ್ಲಿ ಯಾರಿಗೂ ಲಾಭವಿಲ್ಲ. ಎಷ್ಟು ಕೊಟ್ಟರೂ ದುಡ್ಡು ಅಷ್ಟೇ. ದೋಷವೂ ಅಲ್ಲೇ ಇದೆ: ಬೇರ್ಪಡಿಸಿದವನಿಗೂ ಒಂದೇ ದರ, ಎಲ್ಲವನ್ನೂ ಹಳದಿಗೆ ಸುರಿದವನಿಗೂ ಒಂದೇ ದರ. ತೂಕಕ್ಕೆ ದರ ಕಟ್ಟಿದರೆ ಉಲ್ಟಾ ಆಗುತ್ತದೆ. ಬೇರ್ಪಡಿಸಿದವನಿಗೆ ಲಾಭ ಸಿಗುತ್ತದೆ, ಆದರೆ ತೂಕ ಇಳಿಸಲು ಕಸವೇ ಮಾಯವಾಗತೊಡಗುತ್ತದೆ. ಡ್ರಿಪ್ ಬಾಟಲಿಗೆ ಗುಜರಿಯಲ್ಲಿ ಬೆಲೆ ಇದೆ, ರಕ್ತದ ಹತ್ತಿ ನಗರಸಭೆಯ ಆಟೋದಲ್ಲಿ ಕಸದ ನಡುವೆ ಗೊತ್ತೇ ಆಗುವುದಿಲ್ಲ.

ನಮ್ಮ ಮಟ್ಟಿಗೆ ಸರಿಯೆನಿಸುವುದು ಎರಡರ ಬೆರಕೆ. ಹಾಸಿಗೆ ಲೆಕ್ಕದ ಮೂಲ ದರ ಇರಲಿ, ಹಳದಿ ಚೀಲದ ತೂಕ ಅದೇ ಗಾತ್ರದ, ಅದೇ ಬಗೆಯ ಆಸ್ಪತ್ರೆಗಳ ಸರಾಸರಿಗಿಂತ ತೀರಾ ಮೇಲೆ ಹೋದರೆ ಹೆಚ್ಚುವರಿ ಶುಲ್ಕ ಬೀಳಲಿ. ಕೆಂಪಿಗೆ ಹೆಚ್ಚುವರಿ ಬೇಡವೇ ಬೇಡ, ಅದನ್ನು ಗುಜರಿಯವನಿಗೆ ಬಿಟ್ಟುಕೊಡುವುದಕ್ಕಿಂತ ಬಿಟ್ಟಿ ಒಯ್ಯುವುದೇ ವಾಸಿ. ಕೆಂಪಿನ ತೂಕ ತೀರಾ ಕಡಿಮೆ ಬಂದರೆ ಅದೂ ಒಂದು ಸುಳಿವು. ಹೆರಿಗೆ ಆಸ್ಪತ್ರೆಗೂ ಕಣ್ಣಿನ ಆಸ್ಪತ್ರೆಗೂ ಒಂದೇ ಸರಾಸರಿ ಹಿಡಿದರೆ ಜಗಳ ಗ್ಯಾರಂಟಿ. ಚೀಲದ ಮೇಲಿನ ಬಾರ್‌ಕೋಡ್ 2016ರ ನಿಯಮಗಳಲ್ಲೇ ಇದೆ, ಲಾರಿಗೆ ಹಾಕುವಾಗಲೇ ತೂಗಿದರೆ ಈ ಲೆಕ್ಕಕ್ಕೆ ಹೊಸ ವ್ಯವಸ್ಥೆಯೇನೂ ಬೇಕಿಲ್ಲ.

ಹಾಸಿಗೆ ಸಂಖ್ಯೆಯಲ್ಲೂ ಆಟವಿದೆ. ಆರೋಗ್ಯ ಇಲಾಖೆಯ ನೋಂದಣಿಯಲ್ಲಿ ಒಂದು ಸಂಖ್ಯೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರದಲ್ಲಿ ಇನ್ನೊಂದು, ಕಸದ ಬಿಲ್ಲಿನಲ್ಲಿ ಮೂರನೆಯದು. ವರ್ಷಕ್ಕೊಮ್ಮೆ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಒಬ್ಬ ಗುಮಾಸ್ತನಿಗೆ ವಾರವೊಂದರದ್ದು. ಆದರೆ ಇಲ್ಲಿಯೇ ಸಂಘಕ್ಕೆ ಇರುಸುಮುರುಸು. ಬಿಲ್ ಮಾಡುವವರು, ಬಿಲ್ ಕಟ್ಟುವವರು, ದರ ನಿಗದಿಯಲ್ಲಿ ಕೈಯಿರುವವರು, ಚುನಾವಣೆಯಲ್ಲಿ ಪದಾಧಿಕಾರಿಗಳಿಗೆ ಮತ ಹಾಕುವವರು ಒಂದೇ ಬಳಗ. ಕಂಪನಿಯಾದರೆ ಎರಡು ತಿಂಗಳು ಬಾಕಿ ಉಳಿದರೆ ಲಾರಿ ನಿಲ್ಲಿಸುತ್ತದೆ. ಸಂಘ ತನ್ನದೇ ಹಿರಿಯ ಸದಸ್ಯರ ಆಸ್ಪತ್ರೆಗೆ ಲಾರಿ ನಿಲ್ಲಿಸೀತೆ? ನಿಲ್ಲಿಸಿದರೆ ಕಸ ಎಲ್ಲಿಗೆ ಹೋದೀತು ಎಂಬ ಪ್ರಶ್ನೆಯೂ ಸುಳ್ಳಲ್ಲ.

ತೆರಿಗೆ ಈ ಲೆಕ್ಕವನ್ನು ಇನ್ನಷ್ಟು ಕದಡಿತು. ಸಾಮಾನ್ಯ ಘಟಕಗಳು ಆಸ್ಪತ್ರೆಗಳಿಗೆ ಕೊಡುವ ಸೇವೆಗೆ 2022ರ ಜುಲೈ 17ರವರೆಗೆ ಜಿಎಸ್‌ಟಿ ಇರಲಿಲ್ಲ. ಮರುದಿನದಿಂದ ಶೇ 12 ಬಿತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿಯಿತು. ನಮ್ಮ ನಲವತ್ತು ಹಾಸಿಗೆಯ ಉದಾಹರಣೆಯಲ್ಲಿ ತಿಂಗಳಿಗೆ ಮೊದಲು ₹1,152, ಆಮೇಲೆ ₹480. ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಆಸ್ಪತ್ರೆ ಇದನ್ನು ಎಲ್ಲೂ ಹೊಂದಿಸಿಕೊಳ್ಳಲಾರದು, ಪೂರ್ತಿ ಖರ್ಚೇ. ಘಟಕಕ್ಕೆ ತಾನು ಕೊಂಡ ಯಂತ್ರ, ಬಿಡಿಭಾಗದ ಮೇಲೆ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುವ ಅವಕಾಶ ಸಿಕ್ಕಿತು, ನಿಜ. ಆದರೆ ಘಟಕದ ದೊಡ್ಡ ಖರ್ಚುಗಳಲ್ಲೊಂದಾದ ಡೀಸೆಲ್ ಜಿಎಸ್‌ಟಿಯ ಹೊರಗೇ ಇದೆ.

ಕಾಸರಗೋಡಿನಿಂದ ಪಾಲಕ್ಕಾಡಿಗೆ

ಡೀಸೆಲ್ ಎಂದಾಗ ದೂರದ ಮಾತು ಬರುತ್ತದೆ. ಕಾಸರಗೋಡಿನ ನರ್ಸಿಂಗ್ ಹೋಮಿಗೆ ಮಂಗಳೂರು ಸುಮಾರು 50 ಕಿ.ಮೀ. ರೋಗಿಗಳು ಹೋಗುವುದು ಅಲ್ಲಿಗೆ, ವೈದ್ಯರಲ್ಲಿ ಹಲವರು ಓದಿದ್ದೂ ಅಲ್ಲೇ. ಹಳದಿ ಚೀಲ ಮಾತ್ರ ದಕ್ಷಿಣಕ್ಕೆ 300 ಕಿ.ಮೀ. ದಾಟಿ ಪಾಲಕ್ಕಾಡಿಗೆ ಪಯಣಿಸಿದೆ. ಅನುಮತಿ ಕೊಡುವುದು ಆಯಾ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ, ಕಸವೂ ರಾಜ್ಯದ ಗಡಿ ನೋಡಿಯೇ ಚಲಿಸುತ್ತದೆ. ಇನ್ನೊಂದು ತುದಿಯ ತಿರುವನಂತಪುರವೂ ಪಾಲಕ್ಕಾಡಿನಿಂದ ಅಷ್ಟೇ, ಇಲ್ಲವೇ ಇನ್ನೂ ತುಸು ಹೆಚ್ಚೇ ದೂರ.

ನಿಯಮ ಹೇಳುವುದು ಬೇರೆ. ಸಾಮಾನ್ಯ ಘಟಕ ಸುತ್ತಲಿನ 75 ಕಿ.ಮೀ. ವ್ಯಾಪ್ತಿಗೆ. ಅಲ್ಲಿ 10,000 ಹಾಸಿಗೆ ಸಿಗದಿದ್ದರೆ 150 ಕಿ.ಮೀ. ತನಕ ಹೋಗಬಹುದು ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ. ಸಂಸ್ಕರಿಸದ ಕಸವನ್ನು 48 ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ. ದಿನ ಬಿಟ್ಟು ದಿನ ಬರುವ ಲಾರಿ ಮೊದಲ ಆಸ್ಪತ್ರೆಯ ಗೇಟಿಗೆ ಬರುವಷ್ಟರಲ್ಲೇ ಆ ಗಡುವು ತೀರಿರುತ್ತದೆ. ಆಮೇಲೆ ಇಪ್ಪತ್ತು ಮೂವತ್ತು ಆಸ್ಪತ್ರೆ ಸುತ್ತಿ, ಹೆದ್ದಾರಿ ಹಿಡಿದು, ಘಟಕದ ಸರದಿಯಲ್ಲಿ ನಿಲ್ಲಬೇಕು.

ಹೋಗಿಬರಲು 660 ಕಿ.ಮೀ., ಲೀಟರಿಗೆ 6 ಕಿ.ಮೀ. ಓಡುವ ಲಾರಿ ಎಂದಿಟ್ಟುಕೊಳ್ಳಿ. 110 ಲೀಟರ್ ಡೀಸೆಲ್. ಮೂರು ಟನ್ ತುಂಬಿದ್ದರೆ ಒಂದು ಕೆ.ಜಿ. ಕಸಕ್ಕೆ ಸುಮಾರು 37 ಮಿ.ಲೀ. ಹಾಸ್ಯವೆಂದರೆ ಈ ಕಸದಲ್ಲಿ ಬೇರ್ಪಡಿಸದ ಹೊರಕವರುಗಳೂ ಇರುತ್ತವೆ, ಅವೂ ಕುಲುಮೆಗೆ 300 ಕಿ.ಮೀ. ಸವಾರಿ ಮಾಡುತ್ತವೆ. ರಾಜ್ಯಕ್ಕೆಲ್ಲ ಒಂದೇ ದರ ಇಟ್ಟರೆ ಪಾಲಕ್ಕಾಡಿನ ಆಸ್ಪತ್ರೆ ಕಾಸರಗೋಡಿನ ಆಸ್ಪತ್ರೆಯ ಡೀಸೆಲ್ಲಿಗೂ ಸ್ವಲ್ಪ ಕೊಟ್ಟಂತೆ. ಸಂಘವಾಗಿ ನೋಡಿದರೆ ಅದು ಸರಿ, ಸದಸ್ಯತ್ವ ಎಂದರೆ ಅದೇ. ಆದರೆ ದೂರದ ನಿಜವಾದ ಬೆಲೆ ಹೀಗೆ ದರದಲ್ಲಿ ಮುಚ್ಚಿಹೋದರೆ ಎರಡನೆಯ ಘಟಕದ ತುರ್ತು ಯಾರಿಗೂ ತಟ್ಟುವುದಿಲ್ಲ.

ಪಾಲೋಡ್

ಎರಡನೆಯ ಘಟಕಕ್ಕೆ ಸಂಘ ಪ್ರಯತ್ನಿಸಿತು. ತಿರುವನಂತಪುರ ಜಿಲ್ಲೆಯ ಪೆರಿಂಗಮ್ಮಲ ಪಂಚಾಯತಿಯ ಪಾಲೋಡಿನಲ್ಲಿ ಜಾಗ ಹಿಡಿಯಿತು. 2017ರ ಕೊನೆ, 2018ರ ಆರಂಭದಲ್ಲಿ ಅಲ್ಲಿ ದೊಡ್ಡ ವಿರೋಧ ಎದ್ದಿತು. ಸುತ್ತ ಪಶ್ಚಿಮ ಘಟ್ಟದ ಕಾಡು, ಕಾಣಿ ಆದಿವಾಸಿಗಳ ನೆಲೆಗಳು, ಜೊತೆಗೆ ಮಿರಿಸ್ಟಿಕಾ ಜೌಗು. ಸಿದ್ದಾಪುರದ ಕತ್ತಲೆಕಾನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಾಡುಜಾಯಿಯ ಜಾತಿಯ ಮರಗಳು ವರ್ಷವಿಡೀ ನೀರು ನಿಂತ ಮಣ್ಣಿನಿಂದ ಬೇರನ್ನು ಮಂಡಿಯಂತೆ ಮೇಲೆತ್ತಿ ಉಸಿರಾಡುವ ಜಾಗ. ಅಂಥಲ್ಲಿ ಒಂದು ಹಳ್ಳ ಕೆಟ್ಟರೆ ಕೆಳಗಿನದೆಲ್ಲ ಕೆಟ್ಟಂತೆ. ಪಾಲೋಡಿನಲ್ಲಿ ಘಟಕ ಬರಲಿಲ್ಲ.

2015ರ ಏಪ್ರಿಲ್‌ನಿಂದ ಇಂಥ ಘಟಕಗಳಿಗೆ ಪರಿಸರ ಅನುಮತಿ ಕಡ್ಡಾಯ, ಸಾರ್ವಜನಿಕರ ಅಹವಾಲು ಕೇಳುವುದು ಅದರ ಭಾಗ. ಮಲಂಪುಳದ ಘಟಕ ಶುರುವಾದ ಕಾಲದಲ್ಲಿ ಈ ಹಂತವೇ ಇರಲಿಲ್ಲ. ಹಳೆಯ ಅನುಭವದ ಮೇಲೆ ಹೊಸ ಘಟಕ ಯೋಜಿಸುವವರು ಜಾರುವುದು ಇಲ್ಲಿ. ಜಾಗ ಕೊಂಡು, ನಕ್ಷೆ ಬರೆಸಿ, ಕೊನೆಗೆ ಜನರ ಮುಂದೆ ಹೋದರೆ ಮಾತಾಡಲು ಏನೂ ಉಳಿದಿರುವುದಿಲ್ಲ. ಒಪ್ಪಿದರೆ ಒಪ್ಪಿ, ಇಲ್ಲದಿದ್ದರೆ ಇಲ್ಲ ಎಂಬಂತಾಗುತ್ತದೆ.

ಇನ್ನೂ ಒಳಗಿನ ತೊಡಕು ಒಂದಿದೆ. ಸಂಘದ ಮಹಾಸಭೆಯಲ್ಲಿ ಕೈ ಎತ್ತುವವರೆಲ್ಲ ವೈದ್ಯರು. ಹೊಗೆ ಕುಡಿಯುವವರು, ಬಾವಿ ನೀರಿಗೆ ಹೆದರುವವರು, ಲಾರಿ ಓಡಾಡುವ ಬೀದಿಯವರು ಯಾರೂ ಸದಸ್ಯರಲ್ಲ. ಲಾಭ ಹದಿನಾಲ್ಕು ಜಿಲ್ಲೆಗೆ, ಅಪಾಯ ಒಂದು ಪಂಚಾಯತಿಗೆ. ಚುನಾಯಿತ ಸಮಿತಿ ಎಷ್ಟೇ ಪ್ರಾಮಾಣಿಕವಾಗಿರಲಿ, ಅದು ಉತ್ತರ ಹೇಳಬೇಕಾದದ್ದು ಮತದಾರರಿಗೆ. ಘಟಕದ ಆಡಳಿತ ಸಮಿತಿಯಲ್ಲೇ ಪಂಚಾಯತಿಯ ಪ್ರತಿನಿಧಿ, ಹತ್ತಿರದ ನಿವಾಸಿಯೊಬ್ಬರು, ಸಂಘಕ್ಕೆ ಸೇರದ ಒಬ್ಬ ಪರಿಸರ ಎಂಜಿನಿಯರ್ ಮತದ ಹಕ್ಕಿನೊಂದಿಗೆ ಕೂರುವಂತೆ ಬೈಲಾ ಬರೆಯದ ಹೊರತು ಇದು ಸರಿಹೋಗದು. ಸಲಹಾ ಸಮಿತಿ ಸಾಲದು. ಸಲಹಾ ಸಮಿತಿಗಳು ಚಹಾ ಕುಡಿದು ಎದ್ದುಹೋಗುತ್ತವೆ.

ಮುಂದೆ ಎರ್ನಾಕುಳಂ ಜಿಲ್ಲೆಯ ಅಂಬಲಮುಗಳಿನ ಕೈಗಾರಿಕಾ ಪ್ರದೇಶದಲ್ಲಿ ಬೇರೊಂದು ಕಂಪನಿಯ ಘಟಕ ಬಂತು. ಕೋವಿಡ್ ಶುರುವಾದಾಗ ಕೇರಳದ ಭಾರ ಮಾತ್ರ ಬಹುಪಾಲು ಪಾಲಕ್ಕಾಡಿನ ಮೇಲೇ ಇತ್ತು. ಎರಡು ಪದರದ ಹಳದಿ ಚೀಲ, ಪ್ರತ್ಯೇಕ ಗುರುತು, ಡಬ್ಬಿಗಳಿಗೆ ದಿನವೂ ಸೋಂಕು ಕೊಲ್ಲುವ ಶೇ 1ರ ಹೈಪೋಕ್ಲೋರೈಟ್. ಜೊತೆಗೆ ಹೆದರಿದ ಆಸ್ಪತ್ರೆಗಳು ಊಟದ ತಟ್ಟೆಯನ್ನೂ ಹಳದಿಗೇ ತುಂಬಿದವು.

ಹಳದಿಯಲ್ಲದ ಕಸ

2024ರ ಡಿಸೆಂಬರಿನಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯ ಹಳ್ಳಿಗಳಲ್ಲಿ ಕೇರಳದ ಆಸ್ಪತ್ರೆ ಕಸ ರಾಶಿ ಬಿದ್ದಿತ್ತು. ರಾಶಿಯಲ್ಲಿದ್ದ ಕಾಗದಗಳಲ್ಲಿ ತಿರುವನಂತಪುರದ ಆಸ್ಪತ್ರೆಗಳ ಹೆಸರಿತ್ತು. ಹಸಿರು ನ್ಯಾಯಮಂಡಳಿ ಪ್ರಕರಣ ಕೈಗೆತ್ತಿಕೊಂಡಿತು, ಕೇರಳ ಲಾರಿ ಕಳಿಸಿ ಕಸ ವಾಪಸ್ ತುಂಬಿಸಿಕೊಂಡು ಹೋಯಿತು. ಗುಂಡ್ಲುಪೇಟೆ, ಕೊಡಗಿನ ಗಡಿಯವರಿಗೆ ಇದು ಹೊಸದಲ್ಲ. ಕೇರಳದಿಂದ ಕಸ ತುಂಬಿ ಬಂದ ಲಾರಿಗಳನ್ನು ಚೆಕ್‌ಪೋಸ್ಟಿನಲ್ಲಿ ಹಿಡಿದ ಸುದ್ದಿ ವರ್ಷಕ್ಕೆ ಒಮ್ಮೆಯಾದರೂ ಬರುತ್ತದೆ.

ಇಲ್ಲಿ ತಿಳಿಯಬೇಕಾದ ಸೂಕ್ಷ್ಮವೆಂದರೆ, ಆಸ್ಪತ್ರೆಯಿಂದ ಹೊರಡುವ ಕಸದಲ್ಲಿ ದೊಡ್ಡ ಪಾಲು ‘ಜೈವಿಕ ವೈದ್ಯಕೀಯ’ ಅಲ್ಲವೇ ಅಲ್ಲ. ಕವರು, ರಟ್ಟು, ಊಟದ ಎಲೆ, ಕ್ಯಾಂಟೀನಿನ ಕಸ. ಹಳದಿ, ಕೆಂಪು ಚೀಲಗಳು ಬಾರ್‌ಕೋಡ್ ಅಂಟಿಸಿಕೊಂಡು ಸಂಘದ ಲಾರಿ ಏರುತ್ತವೆ. ಉಳಿದದ್ದು ಅತಿ ಕಡಿಮೆ ಬಿಡ್ ಹಾಕಿದ ಗುತ್ತಿಗೆದಾರನ ಲಾರಿ ಏರುತ್ತದೆ. ವಾರ್ಡಿನಲ್ಲಿ ಬೇರ್ಪಡಿಸುವುದು ಕೈಕೊಟ್ಟರೆ ಸಿರಿಂಜ್, ಕ್ಯಾತೆಟರ್ ಈ ಎರಡನೆಯ ಲಾರಿಯಲ್ಲೇ ಹೋಗುತ್ತವೆ, ಅದಕ್ಕೆ ಬಾರ್‌ಕೋಡೂ ಇಲ್ಲ, ಜಿಪಿಎಸ್ಸೂ ಇಲ್ಲ. ಘಟಕ ನಡೆಸುವ ಸಂಘ ‘ನಮ್ಮ ಲಾರಿಯಲ್ಲ’ ಎಂದರೆ ಕಾನೂನಿನ ಮಟ್ಟಿಗೆ ಸರಿ. ಆದರೆ ಆ ಆಸ್ಪತ್ರೆ ತನ್ನ ಸದಸ್ಯನದ್ದಾದರೆ? ಕುಲುಮೆಯನ್ನು ಯಾವ ಕಂಪನಿಯೂ ಕಟ್ಟಬಹುದು. ಸದಸ್ಯನನ್ನು ಕರೆದು ಕೂರಿಸಿ ನಿಮ್ಮ ಎರಡನೆಯ ಗುತ್ತಿಗೆ ತೋರಿಸಿ ಎಂದು ಕೇಳಬಲ್ಲದ್ದು ವೃತ್ತಿಸಂಘ ಮಾತ್ರ. ಆ ಬಲವನ್ನು ಬಳಸದಿದ್ದರೆ ಸಂಘ ಇನ್ನೊಂದು ಕಸದ ಕಂಪನಿ, ಅಷ್ಟೇ.

ಎರಡು ಥೈಲಿ

ಇದೇ ಸಂಘದ ಇನ್ನೊಂದು ಮುಖ ಸದಸ್ಯರ ಕ್ಷೇಮ ಯೋಜನೆಗಳು. ಸದಸ್ಯ ತೀರಿಕೊಂಡರೆ ಉಳಿದವರೆಲ್ಲ ನಿಗದಿತ ಮೊತ್ತ ಹಾಕಿ ಕುಟುಂಬಕ್ಕೆ ಕೊಡುವುದು, ರೋಗಿಯ ಕಡೆಯವರು ಕೇಸು ಹಾಕಿದರೆ ಬೆನ್ನಿಗೆ ನಿಲ್ಲುವುದು, ಅಂಗವೈಕಲ್ಯ ನೆರವು, ಪಿಂಚಣಿ. ಇವುಗಳಿಗೆ ಜಿಎಸ್‌ಟಿ ಬೀಳುತ್ತದೆಯೇ ಎಂಬ ಜಗಳ ಕೇರಳ ಹೈಕೋರ್ಟಿಗೆ ಹೋಯಿತು. ಸಂಘವೂ ಸದಸ್ಯರೂ ಬೇರೆಬೇರೆ ವ್ಯಕ್ತಿಗಳು ಎಂದು ಭಾವಿಸತಕ್ಕದ್ದು ಎಂಬ ತಿದ್ದುಪಡಿಯನ್ನು 2021ರ ಹಣಕಾಸು ಕಾಯ್ದೆ 2017ರ ಜುಲೈಯಿಂದ ಪೂರ್ವಾನ್ವಯವಾಗಿ ತಂದಿತ್ತು. 2024ರ ಜುಲೈನಲ್ಲಿ ಏಕಸದಸ್ಯ ಪೀಠ ತಿದ್ದುಪಡಿ ಸರಿ, ಪೂರ್ವಾನ್ವಯ ಮಾತ್ರ ತಪ್ಪು ಎಂದಿತು. 2025ರ ಏಪ್ರಿಲ್‌ನಲ್ಲಿ ವಿಭಾಗೀಯ ಪೀಠ ತಿದ್ದುಪಡಿಯೇ ಸಂವಿಧಾನಕ್ಕೆ ಹೊಂದುವುದಿಲ್ಲ ಎಂದಿತು. ಸೇವೆ ಎಂದರೆ ಕೊಡುವವನು, ಪಡೆಯುವವನು ಇಬ್ಬರು ಬೇಕು. ತನಗೆ ತಾನೇ ಸೇವೆ ಮಾಡಿಕೊಳ್ಳುವುದಕ್ಕೆ ತೆರಿಗೆಯಿಲ್ಲ ಎಂಬುದು ಅದರ ತಿರುಳು. ಕ್ಯಾಲ್ಕಟಾ ಕ್ಲಬ್ ಪ್ರಕರಣದಲ್ಲಿ 2019ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಪರಸ್ಪರತೆಯ ತತ್ವವೇ ಇದರ ಬುನಾದಿ.

ಇಮೇಜ್‌ಗೆ ಈ ತರ್ಕ ಸಲ್ಲುವುದಿಲ್ಲ. ಅದು ಸರ್ಕಾರಿ ಆಸ್ಪತ್ರೆಗಳಿಂದಲೂ ಕಸ ತೆಗೆದುಕೊಳ್ಳುತ್ತದೆ, ಹೊರಗಿನವರಿಗೂ ಬಿಲ್ ಮಾಡುತ್ತದೆ. ಒಂದೇ ಸಂಘದ ಕೈಯಲ್ಲಿ ಎರಡು ಥೈಲಿ ಇದ್ದಂತೆ: ಒಂದು ತಮ್ಮವರು ತಮ್ಮವರಿಗೆ ಹಾಕಿಕೊಂಡದ್ದು, ಇನ್ನೊಂದು ಊರಿಗೆಲ್ಲ ಸೇವೆ ಮಾಡಿ ದುಡಿದದ್ದು. ಇವುಗಳ ನಡುವೆ ಕೈಸಾಲ ಶುರುವಾದರೆ ಎರಡೂ ಕೆಡುತ್ತವೆ. ಕುಲುಮೆಯ ಇಟ್ಟಿಗೆ ಬದಲಿಸಲು ಕ್ಷೇಮನಿಧಿಯಿಂದ ಕೈಗಡ ಪಡೆದರೆ ಮಡಿದ ಸದಸ್ಯನ ಕುಟುಂಬದ ದುಡ್ಡು ಸುಟ್ಟಂತೆ. ಘಟಕದ ಮಿಗತೆಯಿಂದ ಸಂಘದ ಭವನ ಕಟ್ಟಿದರೆ ಹೊಗೆ ಶುದ್ಧಿ ಯಂತ್ರದ ದುಡ್ಡಿನಲ್ಲಿ ಎಸಿ ಹಾಲ್ ಕಟ್ಟಿದಂತೆ.

ಕ್ಷೇಮನಿಧಿಗೆ ತನ್ನದೇ ಗಣಿತವಿದೆ. 15,000 ಸದಸ್ಯರು, ಒಂದು ಸಾವಿಗೆ ತಲಾ ₹300 ಎಂದುಕೊಳ್ಳಿ. ಕುಟುಂಬಕ್ಕೆ ₹45 ಲಕ್ಷ. ವರ್ಷಕ್ಕೆ 40 ಸಾವಾದರೆ ಒಬ್ಬೊಬ್ಬರ ಪಾಲು ₹12,000. ಸದಸ್ಯರ ವಯಸ್ಸು ಏರಿ 70 ಸಾವಾದರೆ ₹21,000. ಇಪ್ಪತ್ತೆಂಟರ ಹುಡುಗ ಡಾಕ್ಟರಿಗೆ ಅಷ್ಟೇ ಮೊತ್ತದ ಟರ್ಮ್ ವಿಮೆ ಇದಕ್ಕಿಂತ ಬಲು ಅಗ್ಗ. ಅವನು ಸೇರುವುದಿಲ್ಲ, ಉಳಿದವರ ಸರಾಸರಿ ವಯಸ್ಸು ಇನ್ನೂ ಏರುತ್ತದೆ. ಸೇರುವ ವಯಸ್ಸಿಗೆ ತಕ್ಕ ಪ್ರವೇಶ ಶುಲ್ಕ, ಅದನ್ನು ಮುಟ್ಟದ ಮೀಸಲು ನಿಧಿಯಾಗಿ ಇಡುವುದು, ಮೂರು ವರ್ಷಕ್ಕೊಮ್ಮೆ ವಿಮಾ ಗಣಿತ ಬಲ್ಲವರಿಂದ ಅಂದಾಜು ಮಾಡಿಸುವುದು: ಇಷ್ಟಿಲ್ಲದೆ ಇಂಥ ಯೋಜನೆ ಒಂದು ಪೀಳಿಗೆ ದಾಟುವುದು ಅನುಮಾನ.

ಹಣ ಬರುವ ದಾರಿಯ ಬಗ್ಗೆ ಐಎಂಎ ಕೇಂದ್ರ ಸಂಸ್ಥೆಯದೇ ಒಂದು ಹಳೆಯ ಪ್ರಸಂಗವಿದೆ. 2008ರಲ್ಲಿ ಅದು ಒಂದು ಕಂಪನಿಯ ಹಣ್ಣಿನ ರಸ ಮತ್ತು ಓಟ್ಸ್ ಪೊಟ್ಟಣದ ಮೇಲೆ ತನ್ನ ಲಾಂಛನ ಹಾಕಲು ಒಪ್ಪಿತು. 2010ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಸಂಘದ ಅಧ್ಯಕ್ಷ, ಕಾರ್ಯದರ್ಶಿಗಳ ಹೆಸರನ್ನು ಆರು ತಿಂಗಳ ಮಟ್ಟಿಗೆ ವೈದ್ಯರ ಪಟ್ಟಿಯಿಂದ ತೆಗೆಯುವ ನಿರ್ಧಾರ ಮಾಡಿತು. ಲಾಂಛನ ಮಾರಿ ಬಂದ ದುಡ್ಡಿಗೆ ಬೆವರಿಲ್ಲ, ಆದರೆ ಹೋಗುವುದು ಹೆಸರು. ಕಸ ಹೊತ್ತು ಬಂದ ದುಡ್ಡು ಎಷ್ಟೋ ಮೇಲು, ಲೆಕ್ಕ ತೆರೆದಿಟ್ಟರೆ.

ಮಹಾಸಭೆಯ ಮೇಜಿನ ಮೇಲೆ

ಇಂಥ ಘಟಕಕ್ಕೆ ಕೈ ಹಾಕುವ ಸಂಘ ತನ್ನ ಲೆಕ್ಕವನ್ನು ಹೇಗೆ ಬರೆಯಬೇಕು? ಘಟಕಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರತ್ಯೇಕ ಆಡಿಟ್. ಆಡಿಟರ್ ಸಂಘದ ಪದಾಧಿಕಾರಿಗಳಿಗೆ ನೆಂಟನೂ ಅಲ್ಲ, ಅವರ ಆಸ್ಪತ್ರೆಯ ಆಡಿಟರೂ ಅಲ್ಲ. ಕುಲುಮೆಯ ಒಳಗೋಡೆ, ಹೊಗೆ ತೊಳೆಯುವ ಯಂತ್ರ, ಲಾರಿ ಇವುಗಳ ಬದಲಿ ನಿಧಿಗೆ ಬಿಲ್ಲಿನ ಇಂತಿಷ್ಟು ಪಾಲು ಪ್ರತಿ ತಿಂಗಳು ತಾನಾಗಿ ಹೋಗಬೇಕು. ವರ್ಷದ ಕೊನೆಗೆ ಉಳಿದರೆ ಹಾಕೋಣ ಎಂದರೆ ಉಳಿಯುವುದೇ ಇಲ್ಲ. ಬೂದಿ ಹೂಳುವ ಗುಂಡಿ ತುಂಬಿದ ಮೇಲೂ ಅದರ ರಸ ವರ್ಷಗಟ್ಟಲೆ ಒಸರುತ್ತದೆ, ಅದನ್ನು ನೋಡಿಕೊಳ್ಳುವ ಖರ್ಚು ಇವತ್ತಿನ ದರದಲ್ಲೇ ಸೇರಬೇಕು. ಚೂರು ಮಾಡಿ ಮಾರಿದ ಪ್ಲಾಸ್ಟಿಕ್ಕಿನ ಆದಾಯ ‘ಇತರೆ’ ಎಂಬ ತಲೆಬರಹದಡಿ ಅಡಗಬಾರದು. ದರ ನಿಗದಿಯ ಪತ್ರದಲ್ಲೇ ಅದು ಕಳೆದು ತೋರಿಸಿರಬೇಕು. ಕಾರ್ಯಕಾರಿ ಸಮಿತಿಯಲ್ಲಿರುವವರ ಆಸ್ಪತ್ರೆಗಳ ಬಾಕಿಯನ್ನು ಬೇರೆ ಪಟ್ಟಿ ಮಾಡಿ ಮಹಾಸಭೆಗೆ ಇಡಬೇಕು. ಈ ಒಂದು ಪಟ್ಟಿ ಇಟ್ಟರೆ ಉಳಿದ ಬಾಕಿ ತಾನಾಗಿ ಕರಗುತ್ತದೆ.

ಕೂಲಿಯವರ ಲೆಕ್ಕವೂ ಅದೇ ಮೇಜಿಗೆ ಬರಬೇಕು. ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ, ಕೆಲಸಕ್ಕೆ ಸೇರುವಾಗ ಮತ್ತು ಆಮೇಲೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ, ತರಬೇತಿ. ನಿಯಮದಲ್ಲಿ ಇವೆಲ್ಲ ಇವೆ, ತಪ್ಪುವುದು ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ. ಹೆಪಟೈಟಿಸ್ ಬಿ ಮೂರು ಚುಚ್ಚುಮದ್ದಿನ ಸರಣಿ: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ನಾಲ್ಕನೇ ತಿಂಗಳಿಗೆ ಗುತ್ತಿಗೆದಾರ ಬದಲಾದರೆ ಹೊಸಬ ಹೊಸ ಪಟ್ಟಿ ತರುತ್ತಾನೆ, ಹಳಬರ ಮೂರನೆಯದು ಬಿಟ್ಟೇಹೋಗುತ್ತದೆ. ಲಸಿಕೆ ಚೀಟಿ ಗುತ್ತಿಗೆದಾರನ ಫೈಲಿನಲ್ಲಿರದೆ ಘಟಕದ ರಿಜಿಸ್ಟರಿನಲ್ಲಿದ್ದರೆ ಇದು ತಪ್ಪುತ್ತದೆ. ಹಳದಿ ಚೀಲದೊಳಗಿನಿಂದ ಸೂಜಿ ಚುಚ್ಚಿದ ಪ್ರತಿ ಸಲ ಆ ಚೀಲದ ಬಾರ್‌ಕೋಡ್ ಬರೆದಿಟ್ಟು, ಅದು ಯಾವ ಆಸ್ಪತ್ರೆಯದೆಂದು ಆ ಆಸ್ಪತ್ರೆಗೆ ಅದೇ ದಿನ ತಿಳಿಸಬೇಕು.

ವಾರ್ಷಿಕ ವರದಿ ಜೂನ್ 30ರೊಳಗೆ ಮಂಡಳಿಗೆ ಹೋಗಲೇಬೇಕು, ನಾಲ್ಕನೇ ನಮೂನೆಯಲ್ಲಿ. ಅದರ ಪ್ರತಿಯನ್ನೇ ಸದಸ್ಯರಿಗೂ ಪಂಚಾಯತಿಗೂ ಕೊಡಬಹುದು, ಹೊಸದಾಗಿ ಏನೂ ಬರೆಯಬೇಕಿಲ್ಲ. ಜೊತೆಗೆ ಮೂರು ತಿಂಗಳಿಗೊಮ್ಮೆಯ ಚಿಮಣಿ ಪರೀಕ್ಷೆಯ ವರದಿ, ವರ್ಷಕ್ಕೊಮ್ಮೆಯ ಡಯಾಕ್ಸಿನ್ ವರದಿ, ಬೀಜಾಣು ಪರೀಕ್ಷೆಯ ರಿಜಿಸ್ಟರು. ಆ ರಿಜಿಸ್ಟರಿನಲ್ಲಿ ಇಡೀ ವರ್ಷ ಒಂದೇ ಒಂದು ಸೀಸೆಯೂ ಹಳದಿಗೆ ತಿರುಗಿಲ್ಲ ಎಂದಿದ್ದರೆ, ಸೀಸೆಯನ್ನು ಚೀಲಗಳ ನಡುವೆ ಇಡುತ್ತಾರೋ ಬಾಗಿಲ ಬಳಿ ಇಡುತ್ತಾರೋ ಎಂದು ಮೊದಲು ಕೇಳಿ.